ಸಿಂಧೂ ಮಾವಶಿಯ ರಶಿಯಾ

ಸಿಂಧೂ ಮಾವಶಿ ಪುಸ್ತಕ ಓದುತ್ತಿರುವಾಗ ಹೊಸಬರು ಯಾರಾದರೂ ಬಂದರೆ, ಒಳಗೆ ಜಗಳ ನಡೆದಿದೆ ಎಂದುಕೊಂಡು ಹೊಸ್ತಿಲ ಹೊರಗೇ ನಿಂತುಬಿಡುತ್ತಿದ್ದರು. "ಏ ಶ್ಯಾಣ್ಯಾ, ಅಕಿ ಹೇಳೂದನ್ನ ಒಂದಿಷ್ಟು ಕೇಳು!" "ಮತ್ತ ಅಲ್ಲೇ ಹೊಂಟಾನ ನೋಡು, ಹುಚ್ಚಖೋಡಿ!" ಒಳಗೆ ಮಾವಶಿ ಒಬ್ಬಳೇ ಇರುತ್ತಿದ್ದಳು. ಬೈಸಿಕೊಳ್ಳುತ್ತಿದ್ದವರು ಕಾದಂಬರಿಯೊಳಗಿನವರು. ಸಿಟ್ಟು ನೆತ್ತಿಗೇರಿದರೆ ಬರೆದವರನ್ನೂ ಬಿಡುತ್ತಿರಲಿಲ್ಲ.

ಮಾವಶಿ ನನ್ನ ತಾಯಿಯ ತಂಗಿ. ಹುಟ್ಟಿದ್ದು ಸದಲಗಾದಲ್ಲಿ, ಕೊಟ್ಟದ್ದು ಅಥಣಿ ಕಡೆಯ ಐಗಳಿ ಎಂಬ ಊರಿಗೆ. ಅಲ್ಲಿಯ ಕನ್ನಡ ಸಾಲೆಯಲ್ಲೇ ಕಲಿಸಿ ನಿವೃತ್ತಳಾದ್ದರಿಂದ ಊರಿಗೆಲ್ಲ ಆಕೆ 'ಅಕ್ಕೋರು'. ಮನೆಯ ಹಿಂದೆ ಮೈದುನ ಅಪ್ಪಾಸಾಹೇಬನ ಒಣದ್ರಾಕ್ಷಿಯ ಶೆಡ್ಡು. ಬೇಸಿಗೆ ಬಂತೆಂದರೆ ಹೆಂಗಸರು ರಾಶಿಯ ಸುತ್ತ ಕುಳಿತು ಕಡ್ಡಿ ತೆಗೆದು, ಕರಿಯದು ಬೇರೆ, ಹಳದಿಯದು ಬೇರೆ ಆರಿಸುತ್ತಿದ್ದರು. ನಿವೃತ್ತಿಯಾದ ಮೇಲೆ ಮಾವಶಿ ಅಲ್ಲಿ ಕುರ್ಚಿ ಹಾಕಿಕೊಂಡು ಓದಿ ಹೇಳಲು ಶುರುಮಾಡಿದಳು. "ಪಾಪ, ಕೈಗೆ ಕೆಲಸ ಐತಿ, ಕಿವಿ ಖಾಲಿ ಕುಂತಾವ" ಎಂಬುದು ಆಕೆಯ ಸಮರ್ಥನೆ.

ಚಿಕ್ಕೋಡಿಯ ಪುಸ್ತಕ ಪ್ರದರ್ಶನದಲ್ಲಿ ನನಗೆ ಹಳೆಯದೊಂದು ರಶಿಯನ್ ಕಾದಂಬರಿಯ ಕನ್ನಡ ಅನುವಾದ ಸಿಕ್ಕಿತ್ತು. ಒಯ್ದು ಕೊಟ್ಟೆ. ಮಾವಶಿ ಅದನ್ನು ಎರಡೂ ಕೈಯಿಂದ ಎತ್ತಿ ನೋಡಿ, "ಇದನ್ನ ಓದಾಕ ತಂದಿಯೋ, ಬಾಗಲಕ್ಕ ಆಸರ ಇಡಾಕ ತಂದಿಯೋ?" ಎಂದಳು.

ಮೊದಲ ತೊಡಕು ಹೆಸರಿನದು. ಆ ದೇಶದಲ್ಲಿ ಒಬ್ಬನನ್ನು ಅಪ್ಪ ಒಂದು ಹೆಸರಿನಿಂದ, ಹೆಂಡತಿ ಮತ್ತೊಂದರಿಂದ, ಆಳು ಇನ್ನೊಂದರಿಂದ ಕರೆಯುತ್ತಾರೆ. ಮಾವಶಿ ಒಬ್ಬನೇ ಮನುಷ್ಯನನ್ನು ಮೂವರೆಂದು ತಿಳಿದು, ಉಳಿದಿಬ್ಬರು ಎಲ್ಲಿ ಹೋದರೆಂದು ಪುಟ ಹಿಂದೆ ಮುಂದೆ ತಿರುವಿ ಹುಡುಕಿದಳಂತೆ. ಕೊನೆಗೆ ತಾನೇ ನಾಮಕರಣ ಮಾಡಿದಳು. ಜಮೀನುದಾರ ದೇಸಾಯಿಯಾದ, ಅವನ ಮಗಳು ಚಂದಾ ಆದಳು, ಆಕೆಯನ್ನು ಕೇಳಿಕೊಂಡು ಬಂದ ಸೈನ್ಯಾಧಿಕಾರಿ ಫೌಜಿಯಾದ. "ಹೆಸರಷ್ಟ ನಂದು. ಮಾತೆಲ್ಲ ಬರದಾಂವಂದು. ಅದರಾಗ ಒಂದಕ್ಷರ ಹೆಚ್ಚು ಕಡಿಮಿ ಆಗಾಂಗಿಲ್ಲ" ಎಂದು ಶೆಡ್ಡಿನಲ್ಲಿ ಸಾರಿದಳು.

ಕಾದಂಬರಿ ಐಗಳಿಗೆ ಬಹಳ ಬೇಗ ಒಗ್ಗಿತು, ಆದರೆ ತಕರಾರಿಲ್ಲದೆ ಅಲ್ಲ. "ಇವರು ಬರೇ ಚಾ ಕುಡಿತಾರಲ್ರಿ, ಹೊಲಕ್ಕ ಯಾರು ಹೋಗ್ತಾರ?" ಎಂದು ಒಬ್ಬಾಕೆ. ದೇಸಾಯಿ ಅಡವಿ ಮಾರಿದ ದಿನ ಅಪ್ಪಾಸಾಹೇಬನಿಗೆ ರಾತ್ರಿ ಊಟ ಸೇರಲಿಲ್ಲ. ಮೊದಮೊದಲು "ವೈನೀ, ನೀವು ಓದಾಕತ್ರ ಇವರ ಕೈ ನಿಂತ್ಬಿಡ್ತಾವ" ಎಂದು ಗೊಣಗುತ್ತಿದ್ದವನು, ಈಗ ಓದುವ ಹೊತ್ತಿಗೆ ಸರಿಯಾಗಿ ಬಂದು ಕೆಡದ ಜರಡಿಯನ್ನು ರಿಪೇರಿ ಮಾಡುತ್ತ ನಿಲ್ಲುತ್ತಿದ್ದ. ಎಲ್ಲರಿಗಿಂತ ಕಠಿಣ ವಿಮರ್ಶಕಿ ಲಗಮವ್ವ, ಕುರಿ ಕಾಯುವ ಮನೆತನದ ಮುದುಕಿ. ಅಷ್ಟು ದಪ್ಪ ಪುಸ್ತಕದಲ್ಲಿ ಒಂದೂ ಕುರಿ ಬರಲಿಲ್ಲವೆಂಬುದು ಅವಳ ಕೊರಗು. "ಇಷ್ಟು ಬರ್ಫ ಬೀಳ್ತೈತಿ ಅಂತಾನ. ಕುರಿ ಏನ್ ಮೇಯ್ತಾವ ಅಂತ ಒಂದ ಮಾತ ಇಲ್ಲ. ಅಂವಾ ಆ ಊರ ನೋಡ್ಯಾನೋ ಇಲ್ಲೋ!"

ಹೀಗಿರುವಾಗ ಚಂದಾ ಚಹಾಕ್ಕೆ ಬಂದ ನೆಂಟರೆಲ್ಲರ ಎದುರು ಎದ್ದು ನಿಂತು ಫೌಜಿಯನ್ನು ಒಲ್ಲೆ ಎಂದಳು. ಶೆಡ್ಡಿನ ಮೂಲೆಯಲ್ಲಿ ಆರಿಸುತ್ತಿದ್ದ ಸುವರ್ಣಾ, "ಅಕ್ಕೋರ, ಆ ಸಾಲು ಇನ್ನೊಮ್ಮೆ ಓದ್ರಿ" ಎಂದಳು. ಪಿಯುಸಿ ಮುಗಿಸಿ ಕೆಲಸಕ್ಕೆ ಬರುತ್ತಿದ್ದ ಹುಡುಗಿ. ಮಾವಶಿ ಸಂತೋಷದಿಂದ ಇನ್ನೊಮ್ಮೆ ಓದಿದಳು.

ಅದೇ ವಾರ ರಾಯಬಾಗದಿಂದ ಸುವರ್ಣಾಳನ್ನು ನೋಡಲು ಗಂಡಿನ ಕಡೆಯವರು ಬಂದರು. ಆಕೆ ಚಹಾದ ತಟ್ಟೆ ಕೆಳಗಿಟ್ಟು, "ನಂಗ ಈಗ ಲಗ್ನ ಬ್ಯಾಡ್ರಿ. ನಾ ಚಿಕ್ಕೋಡ್ಯಾಗ ನರ್ಸಿಂಗ್ ಕಲೀತೀನಿ" ಎಂದುಬಿಟ್ಟಳು.

ಮರುದಿನ ಭಾನುವಾರ. ನಾನು ಐಗಳಿಯಲ್ಲೇ ಇದ್ದೆ. ಸುವರ್ಣಾಳ ಅಪ್ಪ ಅಣ್ಣಪ್ಪ ಶೆಡ್ಡಿಗೆ ಬಂದ. ಕೂಗಾಡಲಿಲ್ಲ, ಕೈಮುಗಿದ.

"ಅಕ್ಕೋರ, ನಮ್ಮ ಹುಡುಗಿ ತಲ್ಯಾಗ ಏನ್ ತುಂಬೀರಿ?"

"ನಾ ಏನೂ ತುಂಬಿಲ್ಲ ಅಣ್ಣಪ್ಪಾ. ಪುಸ್ತಕ ಓದೀನಿ."

"ಹಂಗಾರ ಆ ರಶಿಯಾದಾಕಿ ಒಲ್ಲೆ ಅಂದ ಮ್ಯಾಲ ಏನಾತು? ಆಕೀದು ಚಲೋ ಆತೇನು? ಎಲ್ಲಾರ ಮುಂದ ಓದ್ರಿ, ನಾನೂ ಕೇಳ್ತೀನಿ."

ಮಾವಶಿಯ ಮುಖ ಸಣ್ಣದಾಯಿತು. ಆಕೆ ಮನೆಯಲ್ಲಿ ಕೊನೆಯವರೆಗೆ ಓದಿ ಮುಗಿಸಿದ್ದಳು. ಚಂದಾ ಮನೆ ಬಿಟ್ಟು ಶಹರಕ್ಕೆ ಹೋಗಿ, ಬಾಡಿಗೆ ಖೋಲಿಯಲ್ಲಿ ಒಂದು ಚಳಿಗಾಲ ಕೆಮ್ಮಿ ಕೆಮ್ಮಿ ಸಾಯುತ್ತಾಳೆ. ನನಗೂ ಅದು ಗೊತ್ತಿತ್ತು. ಬಿಟ್ಟು ಓದು, ಬದಲಿಸಿ ಹೇಳು ಎಂದು ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಮಾವಶಿ ನನ್ನತ್ತ ನೋಡಲೂ ಇಲ್ಲ. ಚಾಳೀಸು ಒರೆಸಿ ಮೂಗಿಗೇರಿಸಿಕೊಂಡು, ಕೊನೆಯ ಅಧ್ಯಾಯವನ್ನು ಒಂದಕ್ಷರ ಬಿಡದೆ ಓದಿದಳು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಸುವರ್ಣಾ ತಲೆ ಎತ್ತಲಿಲ್ಲ.

"ಕೇಳಿದ್ರಿಲ್ಲ ಎಲ್ಲಾರೂ?" ಎಂದ ಅಣ್ಣಪ್ಪ.

ಮಾವಶಿ ಪುಸ್ತಕವನ್ನು ತೊಡೆಯ ಮೇಲೆ ರಪ್ಪನೆ ಮುಚ್ಚಿ ಬರೆದವನೊಂದಿಗೇ ಜಗಳ ತೆಗೆದಳು. "ಮಾಡಿದೆಲ್ಲೋ ಮಹಾರಾಯಾ! ಚಾ ಕುಡಿಯೂದು ಬರದಿ, ಬರ್ಫ ಬೀಳೂದು ಬರದಿ, ಕುದರಿ ಕೆನಿಯೂದು ಸೈತ ಬರದಿ. ಆ ಹುಡುಗಿ ಬದುಕೂ ಹಾದಿ ಒಂದ ಬರಿಯಾಕ ಹಾಳಿ ಸಾಲಲಿಲ್ಲೇನು ನಿನಗ?" ಆಮೇಲೆ ಅಣ್ಣಪ್ಪನ ಕಡೆ ತಿರುಗಿದಳು. "ಅವಂಗ ಹೊಳೀಲಿಲ್ಲ ಅಣ್ಣಪ್ಪಾ. ಅಂವ ಸತ್ತು ಎಷ್ಟೋ ಕಾಲಾತು, ಈಗ ತಿದ್ದಾಕ ಬರಾಂಗಿಲ್ಲ. ನೀ ಜೀವಂತ ಅದೀ. ನಿನಗೂ ಹೊಳ್ಯಾಂಗಿಲ್ಲೇನು?"

ಆಗ ಲಗಮವ್ವ ಮೂಗು ಸೀಟಿ ಹೇಳಿದಳು: "ಅಕಿ ಒಲ್ಲೆ ಅಂದದ್ದಕ್ಕ ಸತ್ತಿಲ್ಲೋ ತಮ್ಮಾ, ಥಂಡಿಗಿ ಸತ್ತಾಳ. ಅಷ್ಟ ದೊಡ್ಡ ದೇಸಾಯಿ, ಮಗಳಿಗೆ ಒಂದ ಕಂಬಳಿ ಕಳಿಸಲಿಲ್ಲ. ಎಲ್ಲಿಂದ ಕಳಿಸ್ಯಾನು? ನಾ ಮೊದಲ ಹೇಳಿದ್ನೆಲ್ಲ, ಆ ದೇಶದಾಗ ಕುರೀನ ಇಲ್ಲ!"

ಜರಡಿಯ ಹಿಂದಿನಿಂದ ಅಪ್ಪಾಸಾಹೇಬನ ನಗು ಸಿಡಿಯಿತು. ಅತ್ತವರೆಲ್ಲ ನಕ್ಕರು. ಸುವರ್ಣಾಳೂ ನಕ್ಕಳು. ಅಣ್ಣಪ್ಪ ಮೀಸೆಯ ಮೇಲೆ ಕೈ ಅಡ್ಡ ಇಟ್ಟುಕೊಂಡು ಬಾಗಿಲವರೆಗೆ ಹೋದವನು ಅಲ್ಲೇ ನಿಂತ. ಯಾರ ಮುಖವನ್ನೂ ನೋಡದೆ, "ಚಿಕ್ಕೋಡ್ಯಾಗ ಏನ್ ಅಷ್ಟ ಥಂಡಿ ಇರಾಂಗಿಲ್ಲ ಬಿಡ್ರಿ" ಎಂದು ಹೇಳಿ ಹೋದ.

ರಾಯಬಾಗದವರು ಕಾಯಲಿಲ್ಲ, ಬೇರೆ ಕಡೆ ಹೆಣ್ಣು ನೋಡಿಕೊಂಡರು. ಸುವರ್ಣಾ ಚಿಕ್ಕೋಡಿಯಲ್ಲಿ ನರ್ಸಿಂಗ್ ಸೇರಿದಳು. ಹಾಸ್ಟೆಲಿಗೆ ಅವಳ ಸಾಮಾನು ಇಳಿಸಲು ನಾನೂ ಹೋಗಿದ್ದೆ. ಬೆವರು ಧಾರಾಕಾರ ಸುರಿಯುವ ಸೆಖೆ. ಅಣ್ಣಪ್ಪ ಗಾಡಿಯಿಂದ ಇಳಿಸಿದ ಹಾಸಿಗೆಯ ಸುರುಳಿಯಲ್ಲಿ ಎರಡು ದಪ್ಪ ಕಂಬಳಿಗಳಿದ್ದವು. "ಲಗಮವ್ವ ಬಿಡಲಿಲ್ರಿ" ಎಂದ. ಒಂದು ಮಾತ್ರ ಲಗಮವ್ವ ಕೊಟ್ಟದ್ದು, ಇನ್ನೊಂದು ಅವನೇ ಕೊಂಡದ್ದು ಎಂದು ಸುವರ್ಣಾ ನನಗೆ ಆಮೇಲೆ ಹೇಳಿದಳು.

ಮಾವಶಿಯನ್ನು ನಾನು ಕೊನೆಯ ಸಲ ಕಂಡದ್ದು ಅಥಣಿಯ ಬಸ್‌ಸ್ಟ್ಯಾಂಡಿನಲ್ಲಿ, ಹೋದ ಮಳೆಗಾಲದ ಮೊದಲು. ಕಾಲು ಬಾತಿದ್ದವು, ನಾಲ್ಕು ಹೆಜ್ಜೆಗೆ ದಮ್ಮು ಹತ್ತುತ್ತಿತ್ತು. ಸ್ವಲ್ಪ ದಿನ ತವರಿನಲ್ಲಿ ಇರುತ್ತೇನೆಂದು ಸದಲಗಾಕ್ಕೆ ಹೊರಟಿದ್ದಳು. ಕಿಟಕಿಯ ಬಳಿ ಕೂರಿಸಿ, ನೀರಿನ ಬಾಟಲಿ ಕೊಟ್ಟು, ಓದಲು ಏನು ತಂದುಕೊಡಲಿ ಎಂದು ಕೇಳಿದೆ.

"ಸಣ್ಣ ಪುಸ್ತಕ ತಾರೋ ತಮ್ಮಾ" ಎಂದಳು. "ದೊಡ್ಡದು ತಂದ್ಯಂದ್ರ ಮುಗಿಯೂತನಕಾ ಇರಬೇಕಾಗ್ತೈತಿ."

ಇಬ್ಬರೂ ನಕ್ಕೆವು. ಬಸ್ಸು ಹೋಯಿತು. ನಾನು ಮರುವಾರವೇ ಬೆಳಗಾವಿಗೆ ಹೋಗಿ, ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದಪ್ಪ ಕಾದಂಬರಿಯನ್ನು ಕೊಂಡು ತಂದೆ. ಅದನ್ನು ಚೀಲಕ್ಕೆ ಹಾಕಿಕೊಂಡು ಸದಲಗಾಕ್ಕೆ ಹೊರಡಬೇಕೆಂದಿದ್ದ ದಿನ ಬೆಳಿಗ್ಗೆಯೇ ಅಲ್ಲಿಂದ ಫೋನ್ ಬಂತು.