ಮರೆತ ಖರ್ಚಿನ ಬೆನ್ನು ಹತ್ತುವ ಪುಷ್ಪಕ್ಕ

ಬೆಳಗಿನ ಜಾವ ಐದು ಗಂಟೆ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಹಾಲಿನವರ ಸೈಕಲ್ ಬೆಲ್ಲು ಬಿಟ್ಟರೆ ಬೇರೆ ಸದ್ದಿಲ್ಲ. ಕ್ಲಿನಿಕ್ಕೊಂದರ ಹಿಂಬದಿಯ ಪುಟ್ಟ ಕೋಣೆಯಲ್ಲಿ ಮಾತ್ರ ಹೆಂಗಸೊಬ್ಬರು ಆಗಲೇ ಕಂಪ್ಯೂಟರ್ ಮುಂದೆ ಕೂತು, ಯಾರದೋ ಬ್ಯಾಂಕ್ ಪಾಸ್‌ಬುಕ್ಕನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಾರೆ. ಓದಿದ್ದನ್ನು ಟೈಪ್ ಮಾಡುತ್ತಾರೆ, ಬೆರಳನ್ನು ಮುಂದಿನ ಸಾಲಿಗೆ ಇಳಿಸುತ್ತಾರೆ. ಏಳಕ್ಕೆ ಕರೆಂಟು ಹೋಗುತ್ತದೆ, ಅಷ್ಟರೊಳಗೆ ಕೆಲಸ ಮುಗಿಯಬೇಕು.

ಇವರು ಪುಷ್ಪಲತಾ, ಗಿರಾಕಿಗಳ ಬಾಯಲ್ಲಿ ಪುಷ್ಪಕ್ಕ. ನಮ್ಮ ಖಾತೆಯಿಂದ ನಮಗೇ ಗೊತ್ತಿಲ್ಲದ ಹಾಗೆ ತಿಂಗಳು ತಿಂಗಳು ಸೋರಿಹೋಗುವ ದುಡ್ಡನ್ನು ಪತ್ತೆ ಹಚ್ಚುವುದು ಇವರ ಕಸುಬು. ಹೀಗೂ ಒಂದು ಕಸುಬು ಉಂಟೇ ಎಂದು ಹುಬ್ಬೇರಿಸಬೇಡಿ. ಯಾವುದೋ ಕಾಲದಲ್ಲಿ 'ಇಂಥವರಿಗೆ ಪ್ರತಿ ತಿಂಗಳು ಇಷ್ಟು ಕಟ್ಟಿಬಿಡಿ' ಎಂದು ಬ್ಯಾಂಕಿನಲ್ಲಿ ಸಹಿ ಹಾಕಿ ಬಂದಿರುತ್ತೇವೆ. ನಾವು ಮರೆಯುತ್ತೇವೆ, ಬ್ಯಾಂಕು ಕಟ್ಟುತ್ತಲೇ ಇರುತ್ತದೆ.

ಪುಷ್ಪಲತಾ ಹದಿನಾಲ್ಕು ವರ್ಷ ಬಟ್ಟೆ ಗಿರಣಿಯೊಂದರಲ್ಲಿ ಟೈಪಿಸ್ಟ್ ಆಗಿದ್ದವರು. ಗಿರಣಿ ಬಾಗಿಲು ಹಾಕಿದಾಗ ಕೈಗೆ ಬಂದ ಹಣದಲ್ಲಿ ಒಡವೆ ಮಾಡಿಸಿಕೋ ಎಂದರು ಮನೆಯವರು. ಇವರು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಹೊತ್ತು ತಂದರು. ಅದರೊಳಗೆ ಮನೆ ಲೆಕ್ಕ ಬರೆಯುವ ಅಮೆರಿಕದ ಸಾಫ್ಟ್‌ವೇರ್ ಇತ್ತು. ಏನೇ ಬರೆದರೂ ಮುಂದೊಂದು ಡಾಲರ್ ಗುರುತು!

"ನನ್ನ ಮೊದಲ್ನೇ ಗಿರಾಕಿ ದಲ್ಲಾಳಿ ಕೊಟ್ಟೂರಪ್ಪಾರು. ಪರದೆ ನೋಡಿ, 'ಏನವ್ವ, ನನ್ನ ಅಮೆರಿಕದ ಸಾವ್ಕಾರ ಮಾಡಿಬಿಟ್ಟೆಲ್ಲ' ಅಂತ ನಕ್ಕಿದ್ದೇ ನಕ್ಕಿದ್ದು" ಎನ್ನುತ್ತಾರೆ ಪುಷ್ಪಲತಾ.

ಒಂದೇ ಮೊತ್ತ ಮತ್ತೆ ಮತ್ತೆ ಹೋಗಿದ್ದರೆ ಸಾಫ್ಟ್‌ವೇರ್ ಅವನ್ನೆಲ್ಲ ಆಯ್ದು ಒಂದೆಡೆ ಸಾಲಾಗಿ ನಿಲ್ಲಿಸುತ್ತದೆ. ಕೊಟ್ಟೂರಪ್ಪ ಮಗಳ ಮದುವೆಗೆ ಒಡವೆಯೆಲ್ಲ ತೆಗೆದ ಮೇಲೂ ಖಾಲಿ ಲಾಕರಿಗೆ ಬಾಡಿಗೆ ಕಟ್ಟುತ್ತಿದ್ದುದು ಬಯಲಾದದ್ದು ಹಾಗೆ. ಕರೂರು ಕೈಗಾರಿಕಾ ಪ್ರದೇಶದ ಶಬ್ಬೀರ್ ಬಿಟ್ಟುಬಂದ ಶೆಡ್ಡಿನ ಫೋನಿಗೆ ದುಡ್ಡು ಸುರಿಯುತ್ತಿದ್ದರು. ಸಿಕ್ಕ ಖರ್ಚಿನ ಒಂದು ಕಂತು ಪುಷ್ಪಲತಾ ಅವರ ಫೀಸು. ಏನೂ ಸಿಗದಿದ್ದರೆ ಒಂದು ಲೋಟ ಚಹಾ, ಅಷ್ಟೇ.

ಮೊದಮೊದಲು ಜನ ಪಾಸ್‌ಬುಕ್ ಕೊಡಲು ಹಿಂದೆಮುಂದೆ ನೋಡುತ್ತಿದ್ದರು. ಅದಕ್ಕೂ ಇವರಲ್ಲಿ ಉಪಾಯವಿದೆ. "ನಿಮಗೆ ಬಂದಿದ್ದು ನಂಗ ಬ್ಯಾಡ್ರಿ, ಹೋಗಿದ್ದಷ್ಟೇ ಸಾಕು ಅಂತೀನಿ. ಜಮಾ ಇರೋ ಕಡೆ ಕಾಗದದ ಪಟ್ಟಿ ಇಟ್ಟು ಮುಚ್ಕೊಂಡೇ ನಾನು ಕುಂದ್ರೋದು."

ಪ್ರತಿ ಗುರುವಾರ ಬೆಳಿಗ್ಗೆ ಹರಿಹರದ ಬಸ್ಸು ಹತ್ತಿ ಅಲ್ಲಿನ ಗಿರಾಕಿಗಳನ್ನು ನೋಡಿ ಬರುತ್ತಾರೆ. ಆ ಊರಿನ ಗಿರಾಕಿಗಳ ಪೈಕಿ ಇವರು ಮರೆಯಲಾರದವಳು ಹಾಲಮ್ಮ.

ಹಾಲಮ್ಮನ ಅತ್ತೆ ಕಾಳವ್ವ. ಕಾರ್ಖಾನೆಯಲ್ಲಿ ದುಡಿದು ತೀರಿಕೊಂಡ ಗಂಡ ಮಾಲತೇಶಪ್ಪನ ಪಿಂಚಣಿ ಈಕೆಗೆ ಬರುತ್ತದೆ. ತಿಂಗಳ ಮೊದಲಿಗೆ ಅತ್ತೆ ಸೊಸೆ ಜೊತೆಯಾಗಿ ಬ್ಯಾಂಕಿಗೆ ಹೋಗುವರು. ಅತ್ತೆ ಹೆಬ್ಬೆಟ್ಟು ಒತ್ತಿ ಬೆಂಚಿನ ಮೇಲೆ ಕೂತರೆ, ಸೊಸೆ ಕೌಂಟರಿನಲ್ಲಿ ದುಡ್ಡು ಎಣಿಸಿ ತಂದು ಕೈಗಿಡುವಳು. ಪಕ್ಕದ ಮನೆಯ ಮರಿಯವ್ವನದೂ ಅಷ್ಟೇ ಪಿಂಚಣಿ. ಆದರೆ ಮರಿಯವ್ವನ ಕೈಗೆ ಪ್ರತಿ ಸಲ ಅರವತ್ತು ರೂಪಾಯಿ ಹೆಚ್ಚು ಬರುತ್ತಿತ್ತು. ಕಾಳವ್ವ ತಿಂಗಳುಗಟ್ಟಲೆ ಅನುಮಾನ ನುಂಗಿಕೊಂಡಳು. ಒಂದು ಪಿಂಚಣಿ ದಿನ, ತುಂಬಿದ ಬ್ಯಾಂಕಿನಲ್ಲಿ ಎದ್ದು ನಿಂತು ಸೊಸೆಯನ್ನು ಕಳ್ಳಿ ಎಂದುಬಿಟ್ಟಳು.

ಗಂಡ ಅಂಜನಕುಮಾರ 'ಹೋಗ್ಲಿ ಬಿಡು' ಎಂದನಂತೆ. ಹೇಗೆ ಬಿಡುವುದು? ಹಾಲಮ್ಮ ಪಾಸ್‌ಬುಕ್ ಹಿಡಿದು ದಾವಣಗೆರೆಗೇ ಬಂದು ಪುಷ್ಪಲತಾ ಅವರ ಮುಂದೆ ಕೂತಳು. "ಅಕ್ಕಾರೆ, ಊರಾಗೆ ತಲೆ ಎತ್ತಾಕ ಆಗ್ವಲ್ದು. ನಾ ಕಳ್ಳಿ ಅಲ್ಲ ಅಂತ ಈ ಮಿಷೀನು ಹೇಳ್ಬೇಕು. ಇಲ್ಲಾಂದ್ರ ಮಗೀನ ಕರ್ಕೊಂಡು ತವರಿಗೆ ಹೋಗ್ತೀನಿ."

"ಮಿಷೀನು ಯಾರ ಪರಾನೂ ಮಾತಾಡಲ್ಲ. ಏನೂ ಸಿಗ್ದಿದ್ರೆ ಈ ಹುಡುಗಿ ಮಾರಿ ಹೆಂಗ ನೋಡ್ಲಿ ಅಂತ ಅಂಜ್ಕೆ ಆಗಿತ್ತು" ಎನ್ನುತ್ತಾರೆ ಪುಷ್ಪಲತಾ.

ಸಿಕ್ಕಿತು. ಅರವತ್ತು, ಅರವತ್ತು, ಅರವತ್ತು. ತಿಂಗಳು ತಪ್ಪದೆ, ಎದುರಿಗೆ ಎರಡೇ ಇಂಗ್ಲಿಷ್ ಅಕ್ಷರ: ಎಸ್.ಐ. ಅದೇ, ತಿಂಗಳು ತಿಂಗಳು ಕಟ್ಟಿ ಎಂಬ ಆದೇಶದ ಗುರುತು. ಬ್ಯಾಂಕಿನ ಅಧಿಕಾರಿ ಹಳೆಯ ಕಡತ ತೆಗೆಸಿದರೆ, ಮಕ್ಕಳ ಇಂಗ್ಲಿಷ್ ಮಾಸಪತ್ರಿಕೆಯೊಂದಕ್ಕೆ ಚಂದಾ ಕಟ್ಟಲು ಮಾಲತೇಶಪ್ಪನೇ ಸಹಿ ಹಾಕಿ ಕೊಟ್ಟ ಆದೇಶ! ಗಂಡಹೆಂಡಿರ ಜಂಟಿ ಖಾತೆಯಾದ್ದರಿಂದ ಆತ ಹೋದರೂ ಅದು ನಿಂತಿರಲಿಲ್ಲ.

ಕಾಳವ್ವ ನಂಬಲೇ ಇಲ್ಲ. "ಸಹಿ ಮಾಡೋದೊಂದು ಬಿಟ್ರೆ ಏನೂ ಬರ್ದ ನನ್ ಗಂಡ ಇಂಗ್ಲಿಷ್ ಪುಸ್ತಕ ತರಿಸ್ತಿದ್ನಾ? ಸತ್ತೋನ್ ಮ್ಯಾಲೆ ಹಾಕ್ಬ್ಯಾಡ್ರಿ" ಎಂದು ರೇಗಿದಳು. ಬೇರೆ ಯಾರಾದರೂ ಆಗಿದ್ದರೆ ಫೀಸು ತೆಗೆದುಕೊಂಡು ಬಸ್ಸು ಹತ್ತುತ್ತಿದ್ದರೋ ಏನೋ. ಪುಷ್ಪಲತಾ ಅತ್ತೆ ಸೊಸೆ ಇಬ್ಬರನ್ನೂ ಆಟೋದಲ್ಲಿ ಕೂರಿಸಿಕೊಂಡು, ಆದೇಶದಲ್ಲಿದ್ದ ವಿಳಾಸಕ್ಕೆ, ಅಂದರೆ ಕಾಳವ್ವನ ಮನೆಯವರು ಹಿಂದೆ ಇದ್ದ ಕಾರ್ಖಾನೆಯ ಕ್ವಾರ್ಟರ್ಸಿಗೇ ಹೋದರು.

ಆ ಮನೆಯಲ್ಲೀಗ ಅಮೀನಾಬೀ ಇದ್ದಾರೆ. ಹೆಸರು ಹೇಳಿದ್ದೇ ತಡ, ಅವರು ಒಳಗಿನಿಂದ ಎರಡು ಕಟ್ಟು ಪತ್ರಿಕೆ ತಂದಿಟ್ಟರು. ಎಲ್ಲದರ ಮೇಲೂ ಮಾಲತೇಶಪ್ಪನ ಹೆಸರು. "ಯಜಮಾನ್ರು ಯಾವತ್ತಾದ್ರೂ ಬಂದು ಕೇಳ್ತಾರ ಅಂತ ಇಟ್ಟೀನ್ರಿ. ಒಂದೂ ಒಡೆದಿಲ್ಲ" ಎಂದರು.

ಮೊದಲ ಪತ್ರಿಕೆ ಬಂದದ್ದು ಅಂಜನಕುಮಾರನ ಮದುವೆಯ ಮರುತಿಂಗಳು. ಮನೆಯವರು ಕ್ವಾರ್ಟರ್ಸ್ ಬಿಟ್ಟದ್ದೂ ಆ ಹೊತ್ತಿಗೇ, ಹಾಗಾಗಿ ಒಂದೂ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಹುಟ್ಟಬೇಕಿದ್ದ ಮೊಮ್ಮಗುವಿಗೆ ಇಂಗ್ಲಿಷ್ ಬರಲಿ ಎಂದು ಅಜ್ಜ ಯಾರಿಗೂ ಹೇಳದೆ ಚಂದಾ ಕಟ್ಟಿಟ್ಟಿದ್ದ. ಕಾಳವ್ವ ಹೊಸ್ತಿಲ ಮೇಲೆ ಕುಸಿದು ಕೂತು ಅತ್ತಳು.

ಹಳೆಯ ದುಡ್ಡು ವಾಪಸಾಗಲಿಲ್ಲ. ಪುಷ್ಪಲತಾ ಅವರಿಗಿರುವ ಆಸೆಯೂ ದುಡ್ಡಿನದಲ್ಲ. "ಈ ಮಿಷೀನಿಗೆ ಕನ್ನಡ ಬರೋ ಹಂಗ ಆಗ್ಬೇಕ್ರಿ. ಆಗ ಹಾಲಮ್ಮನಂಥೋರು ತಾವೇ ಕುಂತು ನೋಡ್ಕೋತಾರ, ಯಾರ ಮುಂದೆನೂ ಅಳಂಗಿಲ್ಲ."

ಹಾಗಾದರೆ ಫೀಸು? ಬಿಟ್ಟಿರಬೇಕು ಎಂದುಕೊಂಡರೆ ಪುಷ್ಪಲತಾ ನಕ್ಕುಬಿಡುತ್ತಾರೆ.

"ಬಿಡೋದ್ಯಾಕ್ರಿ? ಚಂದಾ ನಿಲ್ಸಾಕ ಮುಂದಿನ ಪಿಂಚಣಿ ದಿನ ನಾನೂ ಬ್ಯಾಂಕಿಗೆ ಹೋಗಿದ್ದೆ. ಕಾಳವ್ವ ಬೆಂಚಿನಿಂದ ಎದ್ದು, 'ಏ ಮರಿಯವ್ವ, ಎಲ್ರೂ ಕೇಳ್ರಿ. ಇಲ್ಲೇ ನಿಂತು ನನ್ ಸೊಸೀನ ಕಳ್ಳಿ ಅಂದಿದ್ದೆ. ಆಕಿ ಕದ್ದಿಲ್ಲ, ತಪ್ಪು ನಂದು' ಅಂದ್ಳು. ಆಮ್ಯಾಲೆ ಪಿಂಚಣಿ ದುಡ್ಡು ಪೂರಾ ಹಾಲಮ್ಮನ ಕೈಗೆ ಹಾಕಿ, 'ಪುಷ್ಪಕ್ಕಗ ಅರವತ್ತು ರೂಪಾಯಿ ನೀನೇ ಎಣಿಸಿ ಕೊಡವ್ವ' ಅಂದ್ಳು. ಆ ಹುಡುಗಿ ಒಂದೊಂದೇ ನೋಟು ಎಣಿಸಿ ಕೊಟ್ಳು. ನಾನು ಮತ್ತೊಂದ್ಸಲ ಎಣಿಸ್ಲಿಲ್ಲ. ಹಂಗೇ ಪರ್ಸಿಗೆ ಹಾಕ್ಕೊಂಡೆ."