ತಡವಾಗಿ ಉತ್ತರ ಕೊಡುತ್ತಿದ್ದ ಅಕ್ಕೋರು

ಉತ್ತರ ಕೊಡಬಾರದೆಂದು ತೀರ್ಮಾನಿಸಿದಾಗ ನಮಗೆ ವಿಜ್ಞಾನ ಕಲಿಸುತ್ತಿದ್ದ ಅಕ್ಕೋರ ಕೆಳದುಟಿ ಒಳಗೆ ಸರಿದು ಮೇಲಿನ ಹಲ್ಲಿನಡಿ ಸಿಕ್ಕಿಕೊಳ್ಳುತ್ತಿತ್ತು. ಗದ್ದದ ಮೇಲೆ ಸಣ್ಣದೊಂದು ಕುಳಿ ಬೀಳುತ್ತಿತ್ತು. ಆ ಕುಳಿ ಕಂಡಿತೆಂದರೆ ಹಾರವಾಡದ ನಮ್ಮ ಹೈಸ್ಕೂಲಿನ ಹತ್ತನೇ ತರಗತಿ ಇಡೀ ಗಪ್‌ಚಿಪ್. ಅವರು ಮಣಿಕಟ್ಟಿನ ಒಳಮಗ್ಗುಲಿಗೆ ಕಟ್ಟಿಕೊಂಡ ವಾಚನ್ನು ಒಮ್ಮೆ ನೋಡಿ ಕುರ್ಚಿಯಲ್ಲಿ ಕೂತುಬಿಡುತ್ತಿದ್ದರು. ಇನ್ನು ಇಪ್ಪತ್ತು ನಿಮಿಷ ಅವರ ಬಾಯಿಂದ ಒಂದು ಶಬ್ದ ಹೊರಡುವುದಿಲ್ಲ. ಚಾವಣಿ ಕಳಚಿ ಬಿದ್ದರೂ ಇಲ್ಲ ಎಂದು ನಾವು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದೆವು.

ಅದಕ್ಕೆ ಅವರು ಇಟ್ಟ ಹೆಸರು ಮಂಗಳದ ನಿಯಮ. ಮಂಗಳ ಗ್ರಹ ನಮ್ಮಿಂದ ತೀರಾ ದೂರ ಸರಿದಾಗ ಅಲ್ಲಿ ನಿಂತವನು ಕೇಳಿದ ಪ್ರಶ್ನೆ ಭೂಮಿಗೆ ಮುಟ್ಟುವುದಕ್ಕೇ ಇಪ್ಪತ್ತು ನಿಮಿಷ ಬೇಕಂತೆ. ಉತ್ತರ ಹಿಂತಿರುಗುವುದಕ್ಕೆ ಮತ್ತೆ ಅಷ್ಟೇ. "ಬರೂ ದಾರಿ ನಿಮಗೆ ಮಾಫಿ ಮಾಡಿದ್ದೇನೆ, ಪುಣ್ಯ ಅಂದ್ಕೊಳ್ಳಿ," ಎನ್ನುತ್ತಿದ್ದರು. ಪ್ರಯೋಗದ ಹೊತ್ತಿನಲ್ಲಿ ಬಲ್ಬು ಹತ್ತುತ್ತಿಲ್ಲ ಎಂದು ನಾವು ಹಲುಬಿದರೆ ತುಟಿ ಒಳಗೆ. ನಾವೇ ತಂತಿ ಬಿಚ್ಚಿ, ಕಟ್ಟಿ, ಒಬ್ಬರನ್ನೊಬ್ಬರು ಬೈದುಕೊಂಡು ಹೇಗೋ ಹತ್ತಿಸಿದ ಮೇಲೆ ಅವರು ಎದ್ದು ಬಂದು, ಏನೂ ಆಗದವರ ಹಾಗೆ, "ಹಾಂ, ಎಂತ ಕೇಳಿದ್ರಿ?" ಎನ್ನುತ್ತಿದ್ದರು. ಆಗ ಅವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ದಿನಾ ಅಂಕೋಲೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮುಡಿಯಲ್ಲಿ ಅಬ್ಬಲಿಗೆ, ಕೈಯಲ್ಲಿ ಉದ್ದ ಕೊಡೆ. ಸಂಜೆ ಹಿಂತಿರುಗುವಾಗ ಬಸ್ ಸ್ಟಾಪಿನ ಹತ್ತಿರ ನನ್ನ ಹೆತ್ತ ಆಯಿಯ ಮೀನಿನ ಬುಟ್ಟಿಯ ಮುಂದೆ ನಿಲ್ಲದೆ ಹೋದದ್ದಿಲ್ಲ. ಬಂಗಡೆಯ ಕಿವಿರು ಎತ್ತಿ ನೋಡಿ, ನಿನ್ನೆಯದು ಎಂದು ದೂರಿ, ಆಯಿಯ ಕೈಯಲ್ಲಿ ಬೈಸಿಕೊಂಡು, ಕೊನೆಗೆ ಅದನ್ನೇ ಕೊಂಡುಹೋಗುತ್ತಿದ್ದರು. ಅಲ್ಲಿ ಮಂಗಳದ ನಿಯಮ ನಡೆಯುತ್ತಿರಲಿಲ್ಲ. ಆಯಿ ಒಂದು ಅಂದರೆ ಅವರು ತಕ್ಷಣ ಎರಡು ಅನ್ನುತ್ತಿದ್ದರು.

ಮಂಗಳದ ಹುಚ್ಚು ಅವರಿಗೆ ಎಷ್ಟಿತ್ತೆಂದರೆ ಪ್ರಯೋಗಶಾಲೆಯ ಗೋಡೆಯ ಮೇಲೆ ಆ ಗ್ರಹದ ನಕಾಶೆಯನ್ನು ತಾವೇ ಕೆಮ್ಮಣ್ಣು ಕಲಸಿ ಬರೆದಿದ್ದರು. ಚಂದ್ರನೆಂದರೆ ಅವರಿಗೆ ತಾತ್ಸಾರ. "ಚಂದ್ರ ಅಂದ್ರೆ ನಮ್ಮ ಮನೆ ಅಂಗಳ. ಅಂಗಳಕ್ಕೆ ಹೋಗಿ ಬಂದವ್ಳಿಗೆ ಯಾರಾದ್ರೂ ಆರತಿ ಎತ್ತೂದು ಅದ್ಯಾ?" ಎಂದು ಕೇಳುತ್ತಿದ್ದರು. ನಮ್ಮ ದೇಶದ ನೌಕೆ ಮಂಗಳದ ದಾರಿ ಹಿಡಿದು ಹೋಗುತ್ತಿದ್ದ ಮಳೆಗಾಲ ಅದು. ಕಾರವಾರದಲ್ಲಿ ಶಾಲೆ ಶಾಲೆಗಳ ನಡುವೆ ಚರ್ಚಾಸ್ಪರ್ಧೆ ಇಟ್ಟರು. ಮನುಷ್ಯ ಮರಳಿ ಚಂದ್ರನಿಗೆ ಹೋಗಬೇಕೋ, ಮಂಗಳಕ್ಕೇ ಗುರಿಯಿಡಬೇಕೋ ಎಂಬುದು ವಿಷಯ. ಯಾವ ಶಾಲೆ ಯಾವ ಪಕ್ಷ ಎಂದು ಚೀಟಿ ಎತ್ತಿದಾಗ ನಮ್ಮ ಪಾಲಿಗೆ ಬಂದದ್ದು ಚಂದ್ರ. ಅಕ್ಕೋರ ಮುಖ ಹುಳಿ ಮಾವಿನಕಾಯಿ ಕಚ್ಚಿದಂತಾಯಿತು. ಮಾತಾಡಲು ಆರಿಸಿದ್ದು ನನ್ನನ್ನು, ಯಾಕೆಂದರೆ ಅವರೊಡನೆ ವಾದಕ್ಕಿಳಿಯುವ ಅಧಿಕಪ್ರಸಂಗಿ ಇಡೀ ಶಾಲೆಯಲ್ಲಿ ನಾನೊಬ್ಬಳೇ.

ಭಾಷಣ ಬರೆದುಕೊಡುವವರು ಅವರಲ್ಲ. ಚಂದ್ರ ಎಂತಕ್ಕೆ, ಹೇಳು ಎಂದು ದಿನಾ ಒಂದೇ ಪ್ರಶ್ನೆ. ನಾನು ಓದಿದ್ದನ್ನೆಲ್ಲ ಒದರಿದೆ. ಮೂರು ನಾಲ್ಕು ದಿನದ ದಾರಿ, ಮಾತಾಡಿದರೆ ಕೂಡಲೇ ಕೇಳುತ್ತದೆ, ಕೆಟ್ಟರೆ ತಿರುಗಿ ಬರಬಹುದು. ಮಂಗಳಕ್ಕೆ ಹೊರಟವನು ತಿಂಗಳುಗಟ್ಟಲೆ ಹೋಗಬೇಕು, ಗ್ರಹಗಳು ಮತ್ತೆ ಅನುಕೂಲದ ಜಾಗಕ್ಕೆ ಬರುವ ತನಕ ಅಲ್ಲೇ ಕಾಯಬೇಕು. ಅಕ್ಕೋರು ಆಕಳಿಸಿದರು. ಕೊನೆಗೆ ಸಿಟ್ಟು ಬಂದು ನಾನು ಹೇಳಿದೆ, ಚಂದ್ರನಿಗೆ ಹೋಗುವವರನ್ನು ಯಾವಾಗ ಬರ್ತೀರಿ ಎಂದು ಕೇಳಬಹುದು, ಅದಕ್ಕೆ.

ಅವರು ಮೊದಲ ಸಲ ನೆಟ್ಟಗೆ ಕೂತರು. ಅದನ್ನು ಕೇಳುವುದರಲ್ಲಿ ಏನು ದೊಡ್ಡದು ಎಂದರು. ನಾನು ನಮ್ಮ ಮನೆಯ ಕ್ರಮ ಹೇಳಿದೆ. ಅಪ್ಪ ಬೋಟು ನಡೆಸುವ ತಾಂಡೇಲ. ಕಡಲಿಗೆ ಹೊರಟವನನ್ನು ಯಾವಾಗ ಬರುತ್ತೀ ಎಂದು ನಮ್ಮಲ್ಲಿ ಹೆಂಗಸರು ಕೇಳುವುದಿಲ್ಲ. ಕೇಳಿದರೆ ಅಪಶಕುನ. ಅವನು "ಬತ್ತೆ" ಎನ್ನಬೇಕು, ಆಯಿ ಅತ್ತ ತಿರುಗಿ ಒಲೆಯ ಬೂದಿ ತೆಗೆಯಬೇಕು, ಅಷ್ಟೇ. ಮಗುವಿದ್ದಾಗ ನಾನೊಮ್ಮೆ ಕೇಳಿ ಬೆನ್ನಿಗೆ ಪೆಟ್ಟು ತಿಂದದ್ದೂ ಉಂಟು.

"ಹಾಂಗಾದ್ರೆ ನಿಮ್ಮ ಮನೆ ಮಂಗಳದಲ್ಲೇ ಅದೆ," ಎಂದರು ಅಕ್ಕೋರು. ಹೊಗಳಿಕೆ ಎಂಬಂತೆ ಹೇಳಿದರು.

ಸ್ಪರ್ಧೆಯ ವಾರವೇ ಮಳೆಗಾಲದ ಮೀನುಗಾರಿಕೆಯ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿದಿದ್ದವು. ಅಪ್ಪನೂ ಹೋಗಿದ್ದ. ಹಿಂದಿನ ದಿನದಿಂದ ಗಾಳಿ ಎದ್ದಿತ್ತು. ನಾವು ಬಸ್ಸಿನಲ್ಲಿ ಕಾರವಾರಕ್ಕೆ ಹೋಗುವಾಗ ಕಿಟಕಿಯಾಚೆ ಸಮುದ್ರ ಕೆಂಪಗೆ ಕದಡಿತ್ತು. ಎಲ್ಲೆಲ್ಲಿಯದೋ ಬೋಟುಗಳು ಆಶ್ರಯಕ್ಕಾಗಿ ಕಾರವಾರದ ಕೊಲ್ಲಿಗೆ ನುಗ್ಗಿ ಒತ್ತೊತ್ತಾಗಿ ಲಂಗರು ಹಾಕಿದ್ದವು. ಅಪ್ಪನ ಬೋಟೂ ಅಲ್ಲೇ ಎಲ್ಲೋ ಇದ್ದೀತು ಎಂದುಕೊಂಡು ನಾನು ನನ್ನ ಮಾತುಗಳನ್ನು ಉರುಹೊಡೆಯುತ್ತ ಕೂತೆ.

ನನ್ನ ಸರದಿಗೆ ಇನ್ನೊಬ್ಬರೇ ಬಾಕಿ ಇದ್ದಾಗ ಅಕ್ಕೋರ ಮೊಬೈಲು ಗುರುಗುಟ್ಟಿತು. ಹೊರಗೆ ಹೋದರು. ಬಾಗಿಲಲ್ಲಿ ನಿಂತು ನನ್ನನ್ನು ನೋಡಿದರು. ಹೇಳಬೇಕೋ, ಮಾತು ಮುಗಿಯುವ ತನಕ ತಡೆಯಬೇಕೋ ಎಂದು ಅವರೊಳಗೆ ತಿಕ್ಕಾಟ ನಡೆದಿರಬೇಕು. ಗದ್ದದ ಮೇಲೆ ಆ ಕುಳಿ ಬಿದ್ದಿತ್ತು. ಆದರೆ ಕ್ಷಣದಲ್ಲೇ ಅದು ಮಾಯವಾಯಿತು. ನೇರ ಬಂದು ನನ್ನನ್ನು ಎಬ್ಬಿಸಿ ಹೊರಗೆ ಕರೆದುಕೊಂಡು ಹೋದರು.

"ನಿನ್ನ ಆಯಿ ಫೋನ್ ಮಾಡಿದ್ರು. ಬಂದರದ ಧಕ್ಕೆಗೆ ಬಂದಿದ್ದಾರೆ. ಅಪ್ಪನ ಬೋಟು ಕೊಲ್ಲಿಗೆ ಬರ್ಲಿಲ್ಲ, ವಯರ್‌ಲೆಸ್ಸಿಗೆ ಉತ್ತರ ಇಲ್ಲ. ಇದಕ್ಕಿಂತ ಹೆಚ್ಚು ನಂಗೂ ಗೊತ್ತಿಲ್ಲ. ಮಾತಾಡ್ತ್ಯೋ, ಹೋಗ್ವನೋ? ನೀನೇ ಹೇಳ್ಬೇಕು."

ಒಳಗೆ ಯಾವನೋ ಮಂಗಳದ ಪರವಾಗಿ ಮೇಜು ಗುದ್ದಿ ಮಾತಾಡುತ್ತಿದ್ದ. ಸಾಹಸ, ತ್ಯಾಗ ಎಂಬ ಶಬ್ದಗಳು ಕಿಟಕಿಯಿಂದ ಹೊರಗೆ ಬರುತ್ತಿದ್ದವು. ಹದಿನೈದರ ಹುಡುಗಿಯ ಮೇಲೆ ಇಂಥದನ್ನು ಹೊರಿಸುವ ಹೆಂಗಸು ಎಂಥವಳು ಎಂದು ನನಗನ್ನಿಸಿತು. ಹೋಗುವಾ ಎಂದೆ. ಅವರು ಆಯೋಜಕರಿಗೆ ಒಂದು ಮಾತು ಹೇಳಿ, ಕೊಡೆ ಬಿಚ್ಚದೆಯೇ ರಿಕ್ಷಾ ಕೂಗಿದರು. ಚಂದ್ರನ ಪರವಾಗಿ ನಮ್ಮ ಶಾಲೆ ಅಂದು ಬಾಯಿ ಬಿಡಲೇ ಇಲ್ಲ.

ಬೋಟು ಕಟ್ಟುವ ಧಕ್ಕೆಯ ಮೇಲೆ ಜನವೋ ಜನ. ಬಂದ ಬೋಟುಗಳವರನ್ನೆಲ್ಲ ಕೇಳಿದ್ದಾಯಿತು. ಬೆಳಿಗ್ಗೆ ದೂರದಲ್ಲಿ ಕಂಡಿತ್ತು ಎಂದ ಒಬ್ಬ. ಆಮೇಲೆ ಕಾಣಲಿಲ್ಲ ಎಂದ ಇನ್ನೊಬ್ಬ. ವಯರ್‌ಲೆಸ್ ಹಿಡಿದವನು ಬೋಟಿನ ಹೆಸರು ಕೂಗುತ್ತಲೇ ಇದ್ದ. ಬರೀ ಕರಕರ ಸದ್ದು. ಆಯಿ ಕವುಚಿ ಹಾಕಿದ ಬುಟ್ಟಿಯ ಪಕ್ಕ ಕೂತು ಸೆರಗಿನ ತುದಿಗೆ ಗಂಟು ಹಾಕುತ್ತಿದ್ದಳು, ಬಿಚ್ಚುತ್ತಿದ್ದಳು. ಸಮುದ್ರದ ಕಡೆ ನೋಡುತ್ತಿರಲಿಲ್ಲ, ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಆ ಕರಕರ ಸದ್ದು ಕೇಳಿ ಕೇಳಿ ನನಗೆ ತಲೆ ಕೆಟ್ಟಿತು. ಸಿಟ್ಟು ತೀರಿಸಿಕೊಳ್ಳಲು ಸಿಕ್ಕವರು ಅಕ್ಕೋರು.

"ಈಗ ಹೇಳಿ ಅಕ್ಕೋರೆ. ಉತ್ತರ ಬಾರದ ಊರಿಗೆ ಜನ ಕಳಿಸೂದು ಎಂತಕ್ಕೆ?"

ತುಟಿ ಒಳಗೆ ಹೋಯಿತು. ಮಣಿಕಟ್ಟು ತಿರುಗಿತು. ಅವರನ್ನು ಹಿಡಿದು ನೀರಿಗೆ ನೂಕುವಷ್ಟು ರೋಷ ಬಂತು ನನಗೆ. ಅಲೆ ಬಂದು ಧಕ್ಕೆಗೆ ಹೊಡೆಯುತ್ತಿತ್ತು, ಬೋಟುಗಳು ಒಂದಕ್ಕೊಂದು ಉಜ್ಜಿ ಕಿರುಗುಟ್ಟುತ್ತಿದ್ದವು, ಅವರು ಮಾತ್ರ ಕಂಬದ ಹಾಗೆ ನನ್ನ ಬಗಲಿಗೇ ನಿಂತಿದ್ದರು. ನಿಯಮದ ಇಪ್ಪತ್ತು ನಿಮಿಷ ಮುಗಿದ ಮೇಲೆ ಹೇಳಿದರು.

"ಉತ್ತರ ಇಲ್ಲ ಅಂದ್ರೆ ಅಪ್ಪ ಇಲ್ಲ ಅಂತಲ್ಲ, ತಂಗಿ. ಅವರು ಅಲ್ಲಿ ನಮ್ಮ ಮಾತಿಗೆ ಕಾಯ್ತಾ ಕೂತಿಲ್ಲ. ಮಾಡೂ ಕೆಲಸ ಮಾಡ್ತಾ ಇದ್ದಾರೆ. ಅಂಥವ್ರು ಇದ್ದಾರೆ ಅಂತ್ಲೇ ಮಂಗಳಕ್ಕೆ ಹೋಗ್ಬೌದು ಅಂತ ನಾ ಹೇಳೂದು."

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು, ಸುಳ್ಳೇಕೆ ಹೇಳಲಿ. ಅಪ್ಪ ಚುಕ್ಕಾಣಿ ಹಿಡಿದು ಯಾರಿಗೋ ಬೈಯುತ್ತಿರುವುದು ಕಣ್ಣಿಗೆ ಕಟ್ಟಿತು. ಆದರೂ ಬಿಡಲಿಲ್ಲ. ಬುಟ್ಟಿಯ ಪಕ್ಕ ಕೂತವಳ ಕಡೆ ಕೈ ಮಾಡಿದೆ.

"ಅಪ್ಪಂಗೆ ಕೆಲಸ ಅದೆ. ಆಯಿಗೆ ಎಂತ ಕೆಲಸ ಅದೆ, ಅಕ್ಕೋರೆ?"

ಈ ಸಲ ಅವರು ವಾಚು ನೋಡಲಿಲ್ಲ. ತುಟಿಯೂ ಒಳಗೆ ಹೋಗಲಿಲ್ಲ. ನೇರ ಹೋಗಿ, ಸ್ಪರ್ಧೆಗೆಂದು ಉಟ್ಟು ಬಂದ ಒಳ್ಳೆಯ ಸೀರೆಯಲ್ಲೇ, ಆಯಿಯ ಪಕ್ಕ ಒದ್ದೆ ಕಲ್ಲಿನ ಮೇಲೆ ಕೂತರು. ಬಹಳ ಹೊತ್ತಿನ ಮೇಲೆ ನೋಡಿದರೆ ಆಯಿಯ ಸೆರಗಿನ ತುದಿ ಅಕ್ಕೋರ ಕೈಯಲ್ಲಿತ್ತು. ಗಂಟು ಅವರು ಬಿಚ್ಚುತ್ತಿದ್ದರು.

ಸಂಜೆಯಾಗುತ್ತ ಬಂದಾಗ, ಆಗಷ್ಟೇ ಕೆಲಸದಿಂದ ಮನೆಗೆ ಬಂದ ಹಾರವಾಡದ ನಮ್ಮ ನೆರೆಮನೆಯಾಕೆಯಿಂದ ಆಯಿಗೆ ಫೋನು ಬಂತು. ಅಪ್ಪ ನಮ್ಮ ಜಗಲಿಯ ಮೇಲೆ ಕೂತು ಕೂಗಾಡುತ್ತಿದ್ದಾನಂತೆ. ಆದದ್ದಿಷ್ಟು: ಉಪ್ಪುನೀರು ಹೊಕ್ಕು ವಯರ್‌ಲೆಸ್ಸೂ ಮೊಬೈಲೂ ಸತ್ತಿದ್ದವು. ಕಾರವಾರದ ಕಡೆ ಗಾಳಿ ಎದುರು ಎಂದು ಅವನು ಬೋಟನ್ನು ನಮ್ಮೂರ ಹತ್ತಿರದ ಬೇಲೇಕೇರಿ ಬಂದರಕ್ಕೆ ತಿರುಗಿಸಿ, ಕಟ್ಟಿಹಾಕಿ, ಮನೆಗೆ ಬಂದಿದ್ದ. ಬಂದು ನೋಡಿದರೆ ಬಾಗಿಲಿಗೆ ಬೀಗ. ಗಾಳಿ ಎದ್ದರೆ ಬೋಟುಗಳೆಲ್ಲ ಕಾರವಾರಕ್ಕೇ ಬರುತ್ತವೆಂದು ನಾವೆಲ್ಲ ಇಲ್ಲಿ ಬಂದು ನಿಂತಿದ್ದೆವು, ಊರಲ್ಲಿ ಒಬ್ಬರಿಗೂ ಬೇಲೇಕೇರಿಯ ನೆನಪಾಗಿರಲಿಲ್ಲ. ಗಂಜಿ ಹಾಕಲು ಒಂದು ಜನ ಇಲ್ಲ, ಎಲ್ಲಿ ಹಾಳಾಗಿ ಹೋದರು ಎಂದು ಅವನು ಮಧ್ಯಾಹ್ನದಿಂದ ನಮ್ಮ ದಾರಿ ಕಾಯುತ್ತಿದ್ದನಂತೆ. ಆಯಿ ಮೊದಲು ಅತ್ತಳು. ಆಮೇಲೆ ಬಸ್ಸಿನಲ್ಲಿ ಊರು ಮುಟ್ಟುವ ತನಕ ಅವನ ಕುಲ ಜಾಲಾಡಿದಳು. ನಾವು ಇಳಿದ ಮೇಲೂ ಅಕ್ಕೋರು ಮುಂದಿನ ಊರು ಅವರ್ಸಾ ದಾಟುವ ತನಕ ನಗುತ್ತಲೇ ಇದ್ದರಂತೆ, ಕಂಡಕ್ಟರು ಆಮೇಲೆ ಹೇಳಿದ.

ಮರುವಾರ ತರಗತಿಯಲ್ಲಿ ಅವರು ಕೆಮ್ಮಣ್ಣಿನ ನಕಾಶೆಯ ಮುಂದೆ ನಿಂತು, ಯಾರೂ ಕೇಳದೆಯೇ, ತಮ್ಮ ತೀರ್ಪು ತಿದ್ದಿಕೊಂಡರು. "ಹೋಗೂವರು ತಯಾರಿದ್ದಾರೆ. ದಡದಲ್ಲಿ ಕೂರೂವರನ್ನ ಯಾರೂ ತಯಾರು ಮಾಡ್ಲಿಲ್ಲ. ಅವರು ಕಲಿಯೂ ತನಕ ಚಂದ್ರನೇ ಅಡ್ಡಿಲ್ಲ, ಕೂಗಿದ್ರೆ ಓಗೊಡೂ ದೂರ." ಮಂಗಳ ಬಿಟ್ಟಿರಾ ಎಂದು ಕೇಳಿದ್ದಕ್ಕೆ, ಬಿಡಲಿಲ್ಲ, ಸರದಿ ಬದಲಾಯಿಸಿದೆ ಅಷ್ಟೇ ಎಂದರು. ನಕಾಶೆ ಅಳಿಸಲೂ ಇಲ್ಲ. ತನ್ನ ವಿದ್ಯಾರ್ಥಿನಿಯ ಮಾತಿಗೆ ಸೋತೆನೆಂದು ತರಗತಿಯ ಮುಂದೆ ಒಪ್ಪಿಕೊಂಡ ಇನ್ನೊಬ್ಬ ಶಿಕ್ಷಕರನ್ನು ನಾನು ಆಮೇಲೆ ಕಂಡಿಲ್ಲ. ವಿಜ್ಞಾನ ಹೇಳಿಕೊಡುವ ಕೆಲಸಕ್ಕೆ ನಾನು ಬಂದದ್ದು ಅವತ್ತಿನ ಆ ಒಂದು ತಾಸಿನಿಂದ.

ಅವರು ನಿವೃತ್ತರಾದರು, ನಾನು ಹಿಲ್ಲೂರಿನ ಹೈಸ್ಕೂಲು ಸೇರಿದೆ. ಮೊಬೈಲಿನಲ್ಲಿ ಮಾತು ನಡೆದೇ ಇತ್ತು. ಊಟ ಆಯಿತೇ ಎಂದು ಕೇಳಿದರೂ ಉತ್ತರ ಬರುವುದು ಇಪ್ಪತ್ತು ನಿಮಿಷ ಬಿಟ್ಟೇ. ನಮ್ಮ ನೌಕೆ ಚಂದ್ರನ ಮೇಲೆ ಇಳಿದ ಸಂಜೆ ನಾನು ಕುಣಿದಾಡಿಕೊಂಡು, ಚಂದ್ರ ಗೆದ್ದ ಅಕ್ಕೋರೆ ಎಂದು ಬರೆದೆ. ತನ್ನ ಹೊತ್ತಿಗೆ ಉತ್ತರ ಬಂತು: "ಇಳಿದದ್ದು ಯಂತ್ರ. ಯಂತ್ರಕ್ಕೆ ಆಯಿ ಇರೂದಿಲ್ಲ. ಮನುಷ್ಯ ಹೋಗಿ ಬರ್ಲಿ, ಆಗ ಹೇಳು."

ಹೋದ ಮಳೆಗಾಲದ ಒಂದು ಮಧ್ಯಾಹ್ನ ಅವರದೇ ಮೆಸೇಜು ಮೊದಲು ಬಂತು. ಹಿಲ್ಲೂರಿನ ನಮ್ಮ ಶಾಲೆಯಲ್ಲಿ ನೆಟ್‌ವರ್ಕು ಸಿಗುವುದು ನೀರಿನ ಟಾಕಿಯ ಹತ್ತಿರ ಮಾತ್ರ. ಅಲ್ಲಿ ನಿಂತು ಓದಿದೆ. "ಎದೆಯದ್ದು ತೊಂದರೆ. ಮಣಿಪಾಲಕ್ಕೆ ಕರ್ಕೊಂಡು ಹೋಗ್ತಾ ಇದ್ದಾರೆ. ದಡದಲ್ಲಿದ್ದವ್ರು ಹೆದರೂದು ಬೇಡ."

ದೊಡ್ಡ ಆಸ್ಪತ್ರೆಯಿಲ್ಲದ ನಮ್ಮ ಜಿಲ್ಲೆಯವರಿಗೆ ಮಣಿಪಾಲವೆಂದರೆ ಎಷ್ಟು ದೂರ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆ ಹುಯ್ಯುತ್ತಿತ್ತು. ಮಗುವಿದ್ದಾಗ ಪೆಟ್ಟು ತಿಂದ ಮೇಲೆ ಅಪ್ಪನನ್ನು ಮತ್ತೆಂದೂ ಕೇಳದ ಮಾತನ್ನು ನನ್ನ ಬೆರಳು ತಾನಾಗಿ ಒತ್ತಿತು: "ಯಾವಾಗ ಬರ್ತ್ರಿ?"

ಮೆಸೇಜು ಮುಟ್ಟಿತು, ಓದಿದ ಗುರುತೂ ಬಂತು. ಉತ್ತರ ಬರಲಿಲ್ಲ. ಕೂಡಲೇ ಬರುವುದಿಲ್ಲವೆಂದು ನನಗೂ ಗೊತ್ತಿತ್ತು, ಹೊತ್ತಾಗಬೇಕಲ್ಲ. ಕೊಡೆಯಡಿ ನಿಂತು ಕಾದೆ. ಹೊತ್ತು ಮೀರಿತು, ಆಮೇಲೂ ಕಾದೆ. ಗಂಟೆ ಹೊಡೆಯಿತು. ನಿಂತು ಆಗುವುದೇನಿಲ್ಲ, ಮಾಡುವ ಕೆಲಸ ಮಾಡು ಎಂದು ನನಗೇ ಹೇಳಿಕೊಂಡು ತರಗತಿಗೆ ಹೋಗಿ ಪಾಠ ಮಾಡಿದೆ. ಏನು ಪಾಠವೋ ನೆನಪಿಲ್ಲ.

ಮರುದಿನ ಅವರ ಯಜಮಾನರು ಫೋನ್ ಮಾಡಿದರು. ಅರ್ಧ ದಾರಿಯೂ ಆಗದೆ, ಹೊನ್ನಾವರದ ಸೇತುವೆ ದಾಟುವಷ್ಟರಲ್ಲಿ ಮುಗಿದುಹೋಗಿತ್ತಂತೆ. ಕೊನೆಗೆ ಮಾತಾಡಿದ್ದು ನನ್ನ ಮೆಸೇಜು ನೋಡಿಯೇ ಅಂತೆ. "ಓದಿ ನಗಾಡಿದ್ಲು. ಎಂತಾದ್ರೂ ಬರೆ ಅಂದೆ. ವಾಚು ನೋಡಿ, ಇನ್ನೂ ಟೈಂ ಆಗ್ಲಿಲ್ಲ ಅಂದ್ಲು," ಎಂದರು.

ನನಗೆ ಅಳುವಿಗಿಂತ ಮೊದಲು ಬಂದದ್ದು ಸಿಟ್ಟು. ಆ ಒಂದು ಸಲ ನಿಯಮ ಮುರಿದಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಮನುಷ್ಯರು ಮತ್ತೆ ಚಂದ್ರನತ್ತ ಹೊರಡುವ ಸುದ್ದಿ ಬಂದಾಗೆಲ್ಲ ಕೈ ಮೊಬೈಲಿಗೆ ಹೋಗುತ್ತದೆ, ಹಿಂದೆ ಬರುತ್ತದೆ.

ನನ್ನ ತರಗತಿಯಲ್ಲೂ ಈಗ ಮಂಗಳದ ನಿಯಮ ನಡೆಯುತ್ತದೆ. ಮಕ್ಕಳು ಹಲುಬಿದರೂ ನಾನು ಬಾಯಿ ಬಿಡುವುದಿಲ್ಲ. ಬೆನ್ನ ಹಿಂದೆ ಏನೇನು ಆಡಿಕೊಳ್ಳುತ್ತಾರೆಂದೂ ಗೊತ್ತು. ಶನಿವಾರ ನಾನು ಹಾರವಾಡದ ಬಸ್ಸಿಗೆ ಹೊರಟಾಗ ಗೇಟಿನ ಹತ್ತಿರ ಯಾವುದಾದರೂ ಹುಡುಗಿ ಕೇಳುತ್ತಾಳೆ, "ಅಕ್ಕೋರೆ, ಯಾವಾಗ ಬರ್ತ್ರಿ?" ಆ ಒಂದು ಪ್ರಶ್ನೆಗೆ ಮಾತ್ರ ನಾನು ಕಾಯಿಸುವುದಿಲ್ಲ. ಅವಳ ಬಾಯಿ ಮುಚ್ಚುವ ಮೊದಲೇ ಸೋಮವಾರ ಬೆಳಿಗ್ಗೆ ಎನ್ನುತ್ತೇನೆ.