ರಂಗೂನಿ ಮಾಸಿಯ ‘ನಾ’

ಕರಾಚಿಯ ಲಿಯಾರಿಯಲ್ಲಿ, ನಮ್ಮ ಮನೆಯ ಗೋಡೆಗೆ ಗೋಡೆ ತಾಗಿಕೊಂಡಿದ್ದ ಮನೆಯಾಕೆಯನ್ನು ಬೀದಿಯೆಲ್ಲ ರಂಗೂನಿ ಮಾಸಿ ಎಂದೇ ಕರೆಯುತ್ತಿತ್ತು. ಅವಳ ಊರು ರಂಗೂನ್ ಅಲ್ಲ, ಮೌಲ್ಮೇನ್. ಹೆಸರು ಟಿನ್ ಮ್ಯಾ, ನಿಕಾಹ್‌ನಲ್ಲಿ ಅಮೀನಾ. ನಮ್ಮ ಬಲೂಚಿ ಹುಡುಗ ಶಹದಾದ್ ಸರಕು ಹಡಗಿನಲ್ಲಿ ಕೆಲಸಕ್ಕಿದ್ದ. ಹಡಗು ಕೆಟ್ಟು ಬರ್ಮಾದ ಆ ಬಂದರಿನಲ್ಲಿ ತಿಂಗಳುಗಟ್ಟಲೆ ನಿಂತಾಗ ಅವಳಪ್ಪನ ಚಹಾ ಅಂಗಡಿಗೆ ಹೋಗಿ ಬಂದು ಮಾಡುತ್ತಿದ್ದವನು, ಕಡೆಗೆ ಅವಳನ್ನೇ ಕಟ್ಟಿಕೊಂಡು ಬಂದ. ನಾನು ಸೊಸೆಯಾಗಿ ಆ ಬೀದಿಗೆ ಕಾಲಿಡುವ ಹೊತ್ತಿಗೆ ಅವಳ ಬಲೂಚಿ ನನ್ನದಕ್ಕಿಂತ ಚುರುಕಾಗಿತ್ತು. ಬೈಗುಳವನ್ನಂತೂ ಅವಳ ಬಾಯಲ್ಲೇ ಕೇಳಬೇಕು.

ಮಧ್ಯಾಹ್ನ ನಾವು ಹೆಂಗಸರು ಕಸೂತಿ ಹಾಕುತ್ತ ಕೂತಾಗ ಅವಳನ್ನು ಕೆಣಕುವುದೇ ಒಂದು ಆಟ.

“ಮಾಸಿ, ನಿಮ್ಮ ಬರ್ಮಿ ಭಾಷೇಲಿ ‘ಬಾ’ ಅನ್ನೋಕೆ ಏನಂತಾರೆ?”

“ಲಾ.”

“ಚಂದ್ರನಿಗೆ?”

“ಅದೂ ಲ. ಗಂಟಲಲ್ಲೇ ಗಕ್ಕನೆ ನಿಲ್ಲಿಸ್ಬೇಕು.”

“ಹೇಸರಗತ್ತೆಗೆ?”

“ಅದೂ ಲಾ. ಮೇಲಿಂದ ಎಳೀಬೇಕು.”

“ಹಾಗಾದ್ರೆ ಶಹದಾದ್ ಮಾಮ ನಿಮ್ಮನ್ನ ಬಾ ಅಂದ್ರೋ, ಕತ್ತೆ ಅಂದ್ರೋ?”

“ಕತ್ತೆ ಅಂತಾನೇ ಅಂದಿದ್ದು ಕಣ್ರೇ. ನಾನು ಬಾ ಅಂದ್ರು ಅಂದ್ಕೊಂಡು ಬಂದ್ಬಿಟ್ಟೆ!”

ನಗು ನಿಂತ ಮೇಲೆ ಅವಳು ಎರಡೂ ಭಾಷೆಗಳನ್ನು ಪಕ್ಕಪಕ್ಕ ಇಟ್ಟು ತೂಗುತ್ತಿದ್ದಳು. “ನೀವು ಕೋಪ ಬಂದ್ರೆ ದನಿ ಏರಿಸ್ತೀರಿ. ನಮ್ಮಲ್ಲಿ ದನಿ ಏರಿಸಿದ್ರೆ ಮಾತೇ ಬೇರೆ ಆಗ್ಬಿಡತ್ತೆ, ನೆಟ್ಟಗೆ ಜಗಳ ಆಡೋಕೂ ಆಗಲ್ಲ. ನಾನು ಹೋಗ್ಲಿ, ನೀನು ಹೋಗು, ಅವಳು ಹೋಗ್ಲಿ, ನಮಗೆ ಒಂದೇ ಮಾತು ಸಾಕು. ನಿಮ್ಮಲ್ಲಿ ಆಳು ಬದಲಾದ್ರೆ ಮಾತಿನ ಬಾಲಾನೂ ಬದಲಾಗ್ಬೇಕು. ಆ ಬಾಲ ಹಿಡಿಯೋಷ್ಟರಲ್ಲಿ ನನಗೆ ಮಗು ಆಗಿತ್ತು. ಒಂದೇ ಪುಣ್ಯ, ಎರಡ್ರಲ್ಲೂ ಅನ್ನ ಮೊದ್ಲು ಬರತ್ತೆ, ತಿನ್ನೋದು ಆಮೇಲೆ. ಅದಕ್ಕೇ ಉಳ್ಕೊಂಡೆ.”

ಆದರೆ ತನ್ನ ಭಾಷೆಯನ್ನು ಅವಳು ಮಗಳಿಗೆ ಕೊಡಲಿಲ್ಲ. “ಈ ಹಕ್ಕಿ ಭಾಷೆ ನನ್ನ ಮನೇಲಿ ಬೇಡ” ಎಂದಿದ್ದಳಂತೆ ಅವಳ ಅತ್ತೆ. ಅತ್ತೆ ಹೋದ ಮೇಲೂ ಮಾಸಿ ಕಲಿಸಲಿಲ್ಲ. ಮಗಳು ಗಂಜಾತೂನ್‌ಗೆ ಗೊತ್ತಿದ್ದದ್ದು ಒಂದೇ ಮಾತು, ‘ಸಾ’. ತಿನ್ನು ಎಂದು.

ಶಹದಾದ್ ತೀರಿಕೊಂಡ ಮರುವರ್ಷ, ಒಂದು ಬೆಳಿಗ್ಗೆ ರೊಟ್ಟಿಗೆ ಹಿಟ್ಟು ನಾದುತ್ತಿದ್ದ ಮಾಸಿ ಹಾಗೇ ಪಕ್ಕಕ್ಕೆ ವಾಲಿದಳು. ಬಲಗೈ, ಬಲಗಾಲು ಬಿದ್ದುಹೋದವು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟು ಏನೋ ಹೇಳಿದಳು. ಗಂಜಾತೂನ್ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಅದು ಬಲೂಚಿಯಾಗಿರಲಿಲ್ಲ.

“ಆಮೇಲೆ ಕಲಿತಿದ್ದು ಹೋಗಿ, ಹುಟ್ಟಿನಿಂದ ಬಂದಿದ್ದು ಉಳಿಯೋದುಂಟು. ವಾಪಸ್ ಬಂದ್ರೂ ಬರಬಹುದು,” ಎಂದರು ಡಾಕ್ಟರು.

ಬರಲಿಲ್ಲ. ಮನೆಗೆ ಬಂದ ಮೇಲೆ ಮಾಸಿ “ಯೇ, ಯೇ” ಎನ್ನುತ್ತಿದ್ದಳು. ಬಲೂಚಿಯಲ್ಲಿ ‘ಏ’ ಎಂದರೆ ‘ಇದು’. “ಯಾವುದಮ್ಮಾ? ಇದಾ? ಇದಾ?” ಎನ್ನುತ್ತ ಗಂಜಾತೂನ್ ಬಾಚಣಿಗೆ ಕೊಟ್ಟಳು, ದಿಂಬು ಕೊಟ್ಟಳು, ಜಪಮಣಿ ಕೊಟ್ಟಳು. ಮಾಸಿ ಎಡಗೈಯಿಂದ ಎಲ್ಲವನ್ನೂ ನೂಕಿ ಅತ್ತಳು. ಒಂದು ದಿನ ನಾನು ನೀರು ಕುಡಿಯುತ್ತಿದ್ದಾಗ ಲೋಟದ ಕಡೆ ಕೈ ಚಾಚಿ “ಯೇ” ಎಂದಾಗಲೇ ನಮಗೆ ತಿಳಿದದ್ದು, ಅವಳು ಕೇಳುತ್ತಿದ್ದದ್ದು ನೀರು ಎಂದು.

ಅದಾಗಿ ಸ್ವಲ್ಪ ದಿನಕ್ಕೆ ಅವಳು ಮಂಚದಿಂದ ಜಾರಿ ಬಿದ್ದಳು. ಎತ್ತಿ ಮಲಗಿಸಿದೆವು. “ನೋಯ್ತಿದ್ಯಾ ಅಮ್ಮಾ?” ಎಂದು ಗಂಜಾತೂನ್ ಸೊಂಟ ಮುಟ್ಟಿದಳು.

“ನಾ,” ಎಂದಳು ಮಾಸಿ.

ಬಲೂಚಿಯಲ್ಲಿ ‘ನಾ’ ಎಂದರೆ ‘ಇಲ್ಲ’. ಇಲ್ಲ ಎಂದಳಲ್ಲ ಎಂದು ನಮಗೆ ಜೀವ ಬಂತು. ಬೀದಿಯ ಕಾಂಪೌಂಡರ್ ಬಂದು ಒತ್ತಿ ನೋಡಿದಾಗಲೂ “ನಾ, ನಾ”. ಅವನು ಮೂಗೇಟು ಎಂದು ಎಣ್ಣೆ ಕೊಟ್ಟು ಹೋದ. ಮೈ ಒರೆಸಲು ಮಗ್ಗುಲು ಹೊರಳಿಸಿದಾಗೆಲ್ಲ ಅವಳು “ನಾ, ನಾ” ಎಂದು ಕೈ ತಳ್ಳುತ್ತಿದ್ದಳು. “ಎಲ್ಲದಕ್ಕೂ ನಾ ಅಂತೀಯಲ್ಲಮ್ಮ, ಹುಣ್ಣಾಗತ್ತೆ, ಸ್ವಲ್ಪ ತಿರುಗು,” ಎಂದು ಗಂಜಾತೂನ್ ಗದರುತ್ತಲೇ ಹೊರಳಿಸುತ್ತಿದ್ದಳು. ಮಗುವಿನ ಹಟ ಎಂದೇ ನಾವೆಲ್ಲ ತಿಳಿದಿದ್ದೆವು.

ಊರಿನ ಆ ತುದಿಯ ಕೋರಂಗಿಯಲ್ಲಿ ಬರ್ಮಾದಿಂದ ಬಂದವರ ಬರ್ಮಿ ಕಾಲೋನಿಗೆ ಹೋಗಿ ಯಾರನ್ನಾದರೂ ಕರೆತರೋಣ ಎಂದದ್ದು ನನ್ನ ಗಂಡ. ಮೊದಲು ಸಿಕ್ಕ ಹೆಂಗಸು ಬಂದು, ಕೇಳಿ, ಕೈ ಚೆಲ್ಲಿದಳು. “ಬರ್ಮಾದೋರೇ ಆದ್ರೂ ನಮ್ಮದು ಅರಾಕಾನ ಸೀಮೆಯ ಮಾತು, ಇದು ಬರ್ಮಿ. ನನಗೆಲ್ಲಿ ಬರತ್ತೆ?” ಅವಳೇ ವಿಚಾರಿಸಿ, ಅರಾಕಾನದ ಅಕ್ಯಾಬ್ ಪಟ್ಟಣದಲ್ಲಿ ಬರ್ಮಿ ಶಾಲೆಗೆ ಹೋಗಿದ್ದ ಸಯ್ಯದುಲ್ಲಾ ಎಂಬ ಮುದುಕನನ್ನು ಕಳಿಸಿದಳು. ಅವನದು ಕಾಲೋನಿಯಲ್ಲೊಂದು ಪಾನ್ ಅಂಗಡಿ.

ಆತ ಮಂಚದ ಪಕ್ಕ ಕೂತು, ಅವಳನ್ನು ಅಕ್ಕಾ ಎಂದು ಅವಳ ಭಾಷೆಯಲ್ಲೇ ಕರೆದ. ಮಾಸಿ ಅವನ ಕೈ ಹಿಡಿದುಕೊಂಡಳು, ಬಿಡಲೇ ಇಲ್ಲ. ಕಟ್ಟೆ ಒಡೆದ ಹಾಗೆ ಮಾತಾಡಿದಳು. ಕೇಳುತ್ತ ಕೇಳುತ್ತ ಮುದುಕನ ಮುಖ ಇಳಿಯಿತು.

“ಏನಂತೆ ಚಾಚಾ?” ಎಂದಳು ಗಂಜಾತೂನ್.

“ಸೊಂಟ ನೋಯ್ತಿದೆಯಂತೆ. ಹೇಳ್ತಾನೇ ಇದ್ದೀನಿ, ಯಾಕೆ ಇವ್ರು ಮತ್ತೆ ಮತ್ತೆ ಹೊರಳಿಸ್ತಾರೆ, ನನ್ನಿಂದ ಏನು ತಪ್ಪಾಯ್ತು ಅಂತ ಕೇಳ್ತಿದ್ದಾಳೆ.”

“ಯಾವಾಗ ಕೇಳಿದ್ರೂ ನಾ ಅಂತಾಳಲ್ಲ!”

“ಬರ್ಮಿಯಲ್ಲಿ ‘ನಾ’ ಅಂದ್ರೆ ನೋವು, ಮಗಳೇ.”

ಗಂಜಾತೂನ್ ಮುದುಕನ ತೋಳು ಹಿಡಿದಳು. “ಅವಳಿಗೆ ಹೇಳಿ ಚಾಚಾ, ನನಗೆ ಗೊತ್ತಿರ್ಲಿಲ್ಲ ಅಂತ ಹೇಳಿ,” ಎಂದು ಅದನ್ನೇ ಹೇಳುತ್ತಿದ್ದಳು. ಮುದುಕ ಹೇಳಿದ. ಮಾಸಿ ಮಗಳ ಕಡೆ ನೋಡಿದಳು.

ಆಸ್ಪತ್ರೆಯಲ್ಲಿ ಎಕ್ಸರೇ ತೆಗೆದರು. ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಮಾಡಿದರೆ ಎದೆ ತಡೆಯುವುದಿಲ್ಲ ಎಂದರು. ಮಾತ್ರೆ ಬರೆದುಕೊಟ್ಟರು. ಮಾತ್ರೆಯ ಬಲ ಇಳಿದ ಕೂಡಲೇ ಮತ್ತೆ “ನಾ”. ಈಗ ನಮಗೆ ಅರ್ಥವಾಗುತ್ತಿತ್ತು, ಅಷ್ಟೇ. ಮಗಳು ತಾಯಿಯ ಅಂಗೈ ಹಿಡಿದು “ಹೌದಮ್ಮ, ನೋವು, ಗೊತ್ತು,” ಎನ್ನುವುದು ಬಿಟ್ಟರೆ ಮಾಡುವಂಥದ್ದು ಇನ್ನೇನೂ ಇರಲಿಲ್ಲ.

ಸಯ್ಯದುಲ್ಲಾ ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ಅಷ್ಟರಲ್ಲಿ ನಮ್ಮ ಕಡೆ ಗ್ಯಾಂಗುಗಳ ಗುಂಡು ಹಾರಾಟ ಶುರುವಾಗಿ ಬೀದಿ ಬೀದಿಯ ಬಾಯಿಗೂ ತಡೆ ಬಿತ್ತು. ಹಾಲಿನವನೂ ಒಳಗೆ ಬರುತ್ತಿರಲಿಲ್ಲ, ಇನ್ನು ಮುದುಕ ಎಲ್ಲಿಂದ ಬಂದಾನು?

ಅಂಥದ್ದೇ ಒಂದು ಮಧ್ಯಾಹ್ನ ಮಾಸಿ ಮಗಳನ್ನು ಹತ್ತಿರ ಕೂರಿಸಿಕೊಂಡು ಮಾತಿಗೆ ಶುರು ಮಾಡಿದಳು. ಅಳಲಿಲ್ಲ, ನೀರು ಕೇಳಲಿಲ್ಲ, ನೋವೂ ಅನ್ನಲಿಲ್ಲ. ಯಾವುದೋ ಸಂಗತಿಯನ್ನು ಬುಡದಿಂದ ತುದಿಯವರೆಗೆ ಹೇಳುವವಳ ಹಾಗೆ, ನಡುನಡುವೆ ನಿಂತು, ನೆನಪು ಮಾಡಿಕೊಂಡು, ಒಮ್ಮೆ ನಕ್ಕು ಸಹ, ಹೇಳುತ್ತ ಹೋದಳು. ಗಂಜಾತೂನ್ ಅವಳ ಬಾಯನ್ನೇ ನೋಡುತ್ತ “ಹೂಂ ಅಮ್ಮಾ” ಎನ್ನುತ್ತಿದ್ದಳು. ಒಂದು ಕಡೆ ಮಾಸಿ ಏನೋ ಪ್ರಶ್ನೆ ಕೇಳಿದವಳ ಹಾಗೆ ಉತ್ತರಕ್ಕೆ ಕಾದಳು. ಮಗಳು ಅದಕ್ಕೂ ಹೂಂ ಎಂದಳು. ಅದು ಸರಿಯಾದ ಉತ್ತರವೋ ಅಲ್ಲವೋ, ಮಾಸಿ ಸ್ವಲ್ಪ ಹೊತ್ತು ಅವಳನ್ನೇ ನೋಡಿ ಮತ್ತೆ ಮುಂದುವರಿಸಿದಳು.

ಎರಡು ದಿನ ಬಿಟ್ಟು ತೀರಿಕೊಂಡಳು. ಬೀದಿ ತೆರೆದ ಮೇಲೆ ಗಂಜಾತೂನ್ ಕೋರಂಗಿಗೆ ಹೋಗಿ, ಅವತ್ತು ಕಿವಿಯಲ್ಲಿ ಉಳಿದಿದ್ದ ನಾಲ್ಕಾರು ಸದ್ದುಗಳನ್ನು ಸಯ್ಯದುಲ್ಲಾನ ಮುಂದೆ ನುಡಿದು ತೋರಿಸಿದಳಂತೆ. ಆತ ಮತ್ತೆ ಮತ್ತೆ ಹೇಳಿಸಿ ಕೇಳಿದ.

“ನೀನು ಹೇಳೋ ರೀತೀಲಿ ಅದು ಏನು ಬೇಕಾದ್ರೂ ಆಗ್ಬಹುದು ಮಗಳೇ,” ಎಂದನಂತೆ. “ಅಮ್ಮ ದನಿ ಏರಿಸಿದ್ಳಾ, ಇಳಿಸಿದ್ಳಾ?”

ಅದು ಅವಳಿಗೆ ನೆನಪಿರಲಿಲ್ಲ.